ಯಾಕ್ ಮಾದುವಿನ ದುಬೈ ಕೀಬೋರ್ಡು

ಹದಿನಾರು ಎಂಬ ಊರಿನ ಮಾದುವಿಗೆ ಊರಿನವರು ಇಟ್ಟ ಹೆಸರು ‘ಯಾಕ್ ಮಾದು’. ಮಾತು ಬಂದಾಗಿನಿಂದ ಅವನು ಕೇಳುತ್ತಾ ಬಂದದ್ದು ಅದೊಂದೇ ಪ್ರಶ್ನೆ: ಯಾಕೆ? ಮಿಕ್ಸಿ ಕೆಟ್ಟರೆ ಬಿಚ್ಚುತ್ತಿದ್ದ, ಕೆಡದಿದ್ದರೂ ಬಿಚ್ಚುತ್ತಿದ್ದ. ಭಜನೆ ಮನೆಯ ಹಾರ್ಮೋನಿಯಂ ಬಿಚ್ಚಿ ಅಪ್ಪನ ಕೈಲಿ ಒದೆ ತಿಂದು, ಅದನ್ನು ಮತ್ತೆ ಜೋಡಿಸುವಷ್ಟರಲ್ಲಿ ನುಡಿಸೋದನ್ನೂ ಕಲಿತುಬಿಟ್ಟ. ಈಗ ವಯಸ್ಸು ಐವತ್ತು ದಾಟಿದೆ. ನರಸೀಪುರದ ಅಮೃತೇಶನ ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ಇವನದೇ. ರಿಸೆಪ್ಷನ್ನೋ, ನಾಮಕರಣವೋ, ಅಂಬೇಡ್ಕರ್ ಜಯಂತಿಯೋ, ಯಾವುದಕ್ಕೂ ಇಲ್ಲ ಅಂದವನಲ್ಲ.

ಹೋದ ಅವರೆ ಸುಗ್ಗಿಯಲ್ಲಿ ಹಳೇ ಕೀಬೋರ್ಡು ಪ್ರಾಣ ಬಿಟ್ಟಿತು. ಮೈಸೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಯವನೊಬ್ಬ “ದುಬೈ ಪೀಸು ಸಾ, ಒಸಾದ್ರಂಗೈತೆ” ಎಂದು ಇನ್ನೊಂದನ್ನು ತಲೆಗೆ ಕಟ್ಟಿದ. ಪ್ರಾಕ್ಟೀಸಿನಲ್ಲಿ ಕೈಯಿಟ್ಟರೆ, ಎಲಾ ಇವನ! ಸ ಸರಿ, ರಿ ಸರಿ, ಗ ಮಾತ್ರ ಜಾರಿದೆ. ಮೇಲಿನ ಗ ಅಲ್ಲ, ಕೆಳಗಿನ ಗ ಅಲ್ಲ, ಎರಡರ ನಡುವೆ ಎಲ್ಲೋ ಕುಂತಿದೆ.

“ಯಾವನೋ ನಿಂಗೆ ಟೋಪಿ ಆಕವ್ನೆ ಕಣಣ್ಣೋ,” ಎಂದು ಅಮೃತೇಶ ನಕ್ಕ. “ಶನಿವಾರ ರಿಸೆಪ್ಷನ್ ಐತೆ, ಅಷ್ಟ್ರಲ್ಲಿ ರಿಪೇರಿ ಮಾಡ್ಸು.”

ಮಾದು ಅದನ್ನು ಮನೆಗೆ ತಂದು ಹಿಂದೆ ಮುಂದೆ ತಿರುಗಿಸಿ ನೋಡಿದ. ಮೇಲ್ಗಡೆ ಹನ್ನೆರಡು ಪುಟ್ಟ ಗುಂಡಿ. ಎರಡರಲ್ಲಿ ದೀಪ ಉರಿಯುತ್ತಿತ್ತು. ಒತ್ತಿ ಆರಿಸಿದ. ಗ ನೆಟ್ಟಗೆ ಬಂತು. ರಿಪೇರಿ ಮುಗೀತು! ಬೇರೆಯವನಾಗಿದ್ದರೆ ಉಂಡು ಕೈ ತೊಳೆಯುತ್ತಿದ್ದ. ಇವನಿಗೆ ತಲೆಯಲ್ಲಿ ಹುಳ ಹೊಕ್ಕಿತು. ಶ್ರುತಿ ಕೆಡಿಸೋಕೆ ಅಂತಲೇ ಯಾರಾದರೂ ಗುಂಡಿ ಇಡ್ತಾರಾ? ಯಾಕೆ?

ಕೀಬೋರ್ಡಿನ ಹೊಟ್ಟೆಯಲ್ಲಿ ಹಳೇ ಯಜಮಾನ ತುಂಬಿಟ್ಟಿದ್ದ ಟ್ಯೂನುಗಳಿದ್ದವು. ಒಂದನ್ನು ಒತ್ತಿದ. ಡ್ರಮ್ಮು ಪಿಸುಗುಟ್ಟಿತು, ಬೇಸು ಆರಾಮಾಗಿ ನಡೆಯಿತು, ಅದರ ಮೇಲೆ ಕ್ಲಾರಿನೆಟ್ಟಿನ ದನಿ ಅದೇ ಜಾರಿದ ಗ ಹಿಡಿದು ಅತ್ತಿತು, ನಕ್ಕಿತು. ಡಿಗ್ರಿ ಓದುವ ಮಗಳು ಕವನ ಪರದೆಯ ಮೇಲಿದ್ದ ಹೆಸರನ್ನು ಮೊಬೈಲಿಗೆ ಹಾಕಿ ಹುಡುಕಿದಳು.

“ಯಹೂದಿಗಳ ಮದುವೆ ಹಾಡಂತೆ ಅಪ್ಪ. ಅರಬ್ಬರ ರಾಗ ಸೇರಿಸಿ ಜಾಝ್ ಮಾಡಿದಾರೆ. ಆ ಗ ತಪ್ಪಲ್ವಂತೆ, ಅಲ್ಲಿ ಅದಕ್ಕೊಂದು ಹೆಸರೇ ಇದೆ.”

“ಜಾಝ್ ಅಂದ್ರೆ?”

“ನುಡಿಸ್ತಾ ನುಡಿಸ್ತಾ ಅಲ್ಲೇ ಕಟ್ಕೊಂಡು ಹೋಗೋದು.”

“ಓಹೋ! ನಮ್ ಎಂಗಸ್ರು ಸೋಬಾನೆಲಿ ನಿಂತ್ ನಿಂತಂಗೇ ಪದ ಕಟ್ಟಿ ಬೀಗ್ರ ಕಾಲೆಳೀತಾರಲ್ಲ, ಅಂಗೆ ಅನ್ನು.”

ಅಂದವನೇ ಆ ಟ್ಯೂನನ್ನು ಮತ್ತೆ ಒತ್ತಿದ. ಈ ಗ ಅವನು ಮೊದಲೇ ಕೇಳಿದ್ದ.

ಇಪ್ಪತ್ತೊಂದು ವರ್ಷದ ಹಿಂದೆ, ಹೆಡತಲೆ ಊರಿನ ಒಂದು ಮದುವೆ. ಹೆಮ್ಮರಗಾಲದ ಮಂಚಮ್ಮ, ಇವನ ತಾಯಿಯ ತಂಗಿ, ಸೋಬಾನೆ ಎತ್ತಿದ್ದಳು. ಇವನು ಆಗ ಹೊಸದಾಗಿ ಆರ್ಕೆಸ್ಟ್ರಾ ಸೇರಿದ್ದ, ಕಾಲು ನೆಲದ ಮೇಲಿರಲಿಲ್ಲ. “ಚಿಕ್ಕವ್ವಾ, ಶ್ರುತಿ ಒಂದ್ ಕಡೆ, ನೀನೊಂದ್ ಕಡೆ!” ಅಂತ ಮೈಕಿನಲ್ಲೇ ಅಂದುಬಿಟ್ಟ. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಮಂಚಮ್ಮ ಪದವನ್ನು ಅರ್ಧಕ್ಕೇ ಬಿಟ್ಟು ಕೆಳಗಿಳಿದಳು. ಆವತ್ತಿನಿಂದ ಇವನೆದುರು ಹಾಡೋಕೆ ಬಾಯಿ ಬಿಟ್ಟಿಲ್ಲ. ಹಬ್ಬಕ್ಕೆ ಕರೆದು ಅನ್ನ ಇಕ್ಕುತ್ತಾಳೆ, ಹಾಡು ಮಾತ್ರ ಇಲ್ಲ.

ಆವತ್ತು ತಪ್ಪಿದ್ದು ಅವಳೋ, ನಾನೋ? ಇದು ತಿಳಿಯದೆ ಮಾದುವಿಗೆ ಅನ್ನ ಇಳಿಯಲಿಲ್ಲ. ಬೆಳಿಗ್ಗೆಯೇ ಕೀಬೋರ್ಡು ಬೈಕಿಗೆ ಬಿಗಿದು ಹೆಮ್ಮರಗಾಲಕ್ಕೆ ಹೋದ.

ಮಂಚಮ್ಮ ಜಗಲಿಯಲ್ಲಿ ಅವರೆಕಾಳು ಹಿಸುಕುತ್ತಿದ್ದಳು.

“ಚಿಕ್ಕವ್ವ, ಒಂದ್ ಸೋಬಾನೆ ಸೊಲ್ಲು ಆಡವ್ವ.”

“ಶ್ರುತಿ ಇಲ್ದೋಳತ್ರ ಯಾಕ್ಲಾ ಬಂದೆ? ಓಗು, ಕಾಫಿ ಕುಡ್ಕೊಂಡ್ ಓಗು.”

ಮಾದು ಸೀದಾ ಒಳಕ್ಕೆ ನುಗ್ಗಿದ. ಟೀವಿಯ ಪ್ಲಗ್ ಕಿತ್ತು ಕೀಬೋರ್ಡಿಗೆ ಕೊಟ್ಟ, ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು ಆ ಯಹೂದಿ ಮದುವೆ ಹಾಡನ್ನು ಹಚ್ಚಿದ. ಕಾಳು ಹಿಸುಕುತ್ತಿದ್ದ ಕೈ ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ಮುದುಕಿ ಒಳಗೆ ಬಂದು ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕುಂತಳು. ತುಟಿ ಅಲ್ಲಾಡಿತು. ಮೊದಲು ಗುನುಗು, ಆಮೇಲೆ ಆವತ್ತಿನ ಸೋಬಾನೆಗೇ ಗಂಟಲು ಬಿಟ್ಟಳು. ಮಾದು ಟ್ಯೂನು ನಿಲ್ಲಿಸಿ, ಅವಳ ಕಂಠಕ್ಕೆ ಶ್ರುತಿ ಹೊಂದಿಸಿ, ಗುಂಡಿಯ ದೀಪ ಹೊತ್ತಿಸಿಕೊಂಡೇ ಗ ಹಿಡಿದ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ! ಅವನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

“ಎಲ್ಲೀದ್ಲಾ ಇದು?” ಮುದುಕಿ ಕೇಳಿದಳು.

“ಅರಬ್ಬರ ದೇಸದ್ದು ಕಣವ್ವ.”

“ಅಷ್ಟ್ ದೂರ್ದೋರ್ಗೆ ಗೊತ್ತಿತ್ತು. ನನ್ ಕೈಲಿ ಉಂಡ್ ಬೆಳ್ದೋನು ನೀನು, ನಿಂಗ್ ಗೊತ್ತಾಗ್ನಿಲ್ವಲ್ಲ.”

“ತಪ್ಪಾಯ್ತು ಚಿಕ್ಕವ್ವ.”

“ಇಲ್ಲಿ ಯಾರವ್ರೆ ಕೇಳಕ್ಕೆ, ನಾನೂ ಕೋಳಿಗೊಳೂ. ಮೈಕಲ್ಲಿ ಅಂದೋನು ಮೈಕಲ್ಲೇ ಏಳು.”

ಶನಿವಾರ ನರಸೀಪುರದ ಛತ್ರದಲ್ಲಿ ಐಸ್‌ಕ್ರೀಂ ಕೈಲಿ ಹಿಡಿದ ಜನ. ಮೂರನೇ ಸಾಲಿನಲ್ಲಿ ಕವನಳ ಪಕ್ಕ ಮಂಚಮ್ಮ. ಅಮೃತೇಶ ಮುಂದಿನ ಹಾಡು ಕೂಗುವ ಮುಂಚೆಯೇ ಮಾದು ಮೈಕು ಕಿತ್ತುಕೊಂಡ. “ಎಡತಲೆ ಮದುವೇಲಿ ನಮ್ ಚಿಕ್ಕವ್ವಂಗೆ ಶ್ರುತಿ ಇಲ್ಲ ಅಂದಿದ್ದೆ. ಶ್ರುತಿ ಗೊತ್ತಿಲ್ದೋನು ನಾನು. ತಪ್ಪಾಯ್ತು.”

ಗಂಡಿನ ಕಡೆಯವರು ಹೆಣ್ಣಿನ ಕಡೆಯವರ ಮುಖ ನೋಡಿದರು. ಅಮೃತೇಶ ತಲೆ ಚಚ್ಚಿಕೊಂಡ.

“ಇನ್ನೊಂದ್ ಸಲ ಏಳ್ಲಾ,” ಎಂದಳು ಮಂಚಮ್ಮ ಗಟ್ಟಿಯಾಗಿ. “ಇಂದ್ಗಡೆಯೋರ್ಗೆ ಕೇಳುಸ್ನಿಲ್ಲ.”

ಅವನು ಇನ್ನೊಂದು ಸಲ ಹೇಳಿದ. ಆಗ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ಸ್ಟೇಜಿನ ಕಡೆ ನಡೆದಳು.