ಇಸಿಕೇಲಿ ಕೊಟ್ಟ ತಿಮಿಂಗಿಲದ ಹಲ್ಲು

ಇಸಿಕೇಲಿಗೆ ಅವ್ವ ಅಂದರೆ ಅಕ್ಕನೇ. ಹೆತ್ತವಳು ಹಸುಗೂಸನ್ನು ಬಿಟ್ಟು ಕಣ್ಣು ಮುಚ್ಚಿದಾಗ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ ವಸೆಮಾದ. ಅವನು ಉಳಿ ಹಿಡಿದು, ಮರದ ಬೋಗುಣಿ ಕೆತ್ತಿ ಹೊಟ್ಟೆ ಹೊರೆಯುವಂತಾದ ಮೇಲಷ್ಟೇ ಮದುವೆಯಾಗಿ ನವುಕಾ ದ್ವೀಪಕ್ಕೆ ಹೋದಳು. ಈಗ ಅವಳು ಹಾಸಿಗೆ ಹಿಡಿದಿದ್ದಾಳೆ, ತಮ್ಮನನ್ನು ನೋಡಬೇಕಂತೆ ಎಂದು ರೇಡಿಯೋದಲ್ಲಿ ಸುದ್ದಿ ಬಂತು. ಅಲ್ಲಿಗೆ ಹೋಗಿಬರುವ ಸರಕಿನ ಹಡಗು ಕೆಟ್ಟು ಎಲ್ಲೋ ಕೂತಿತ್ತು. ಇಸಿಕೇಲಿಯ ಪುಟ್ಟ ದೋಣಿ ಹೊರಗಡಲಿಗೆ ತಾಳುವಂಥದ್ದಲ್ಲ.

ಊರ ಮುಂದಿನ ಕಡಲಲ್ಲಿ, ದ್ವೀಪಗಳನ್ನು ಸುತ್ತಲು ಬಂದ ಬಿಳಿಯ ಡಾರೆನ್‌ನ ಹಾಯಿಹಡಗು ಲಂಗರು ಹಾಕಿತ್ತು. ಬಂದ ದಿನವೇ ಅವನು ಹೊರಗಿನಿಂದ ಬಂದವರು ಕಾಣಿಕೆ ಕೊಡುವ ಯಂಗೋನ ಬೇರಿನ ಕಟ್ಟನ್ನು ಮುಖಂಡನ ಮುಂದಿಟ್ಟು ಊರಿನವನಾಗಿದ್ದ. ಮುಖಂಡ ಅವನನ್ನು ಇಸಿಕೇಲಿಯ ಮನೆಗೆ ಒಪ್ಪಿಸಿದ. ಆ ಪುಣ್ಯಾತ್ಮ ತೆಂಗಿನಹಾಲಿನ ಮೀನು, ಮರಗೆಣಸು ಚಪ್ಪರಿಸುತ್ತ, ಇಸಿಕೇಲಿಯ ಹೆಂಡತಿ ತಿಮಲೇತಿಯನ್ನು ಬಾಯ್ತುಂಬ "ಅಮ್ಮ" ಎನ್ನುತ್ತ ಉಳಿದ. ಊರಿನ ಮಾತೂ ಕಲಿತ.

ಇಸಿಕೇಲಿ ತೊಲೆಯ ಮೇಲಿಂದ ತಿಮಿಂಗಿಲದ ಹಲ್ಲು ಇಳಿಸಿದ. ಅದು ಅಪ್ಪನದು, ಎಣ್ಣೆ ಉಂಡು ಜೇನಿನ ಬಣ್ಣಕ್ಕೆ ತಿರುಗಿದ್ದು.

"ಅದು ನಿಮ್ಮನ್ನ ಮಣ್ಣು ಮಾಡೋ ದಿನಕ್ಕೆ ಅಂತ ಇಟ್ಟಿದ್ದಲ್ವೇನ್ರೀ?" ಎಂದಳು ತಿಮಲೇತಿ. " ಸುಮ್ನೆ ಬಾಯ್ಬಿಟ್ಟು ಕೇಳಿ."

"ಬಾಯ್ಮಾತು ಗಾಳಿಗೆ ಹೋಗುತ್ತೆ ಕಣೇ. ಹಲ್ಲು ಹಿಡ್ಕೊಂಡೋನು ಇಲ್ಲ ಅನ್ನಂಗಿಲ್ಲ."

ಇಸಿಕೇಲಿ ಡಾರೆನ್ನನ ಎದುರು ಮಂಡಿ ಮಡಿಸಿ ಕೂತು, ಎರಡೂ ಕೈಯಲ್ಲಿ ಹಲ್ಲು ಚಾಚಿ, "ನಮ್ಮಿಬ್ಬರನ್ನ ಅಕ್ಕನ ಹತ್ರ ಮುಟ್ಟಿಸಪ್ಪಾ," ಎಂದ. ಡಾರೆನ್ ಕಣ್ಣು ಒದ್ದೆ ಮಾಡಿಕೊಂಡು ಹಲ್ಲನ್ನು ಎದೆಗೊತ್ತಿಕೊಂಡ. "ಆಯ್ತಪ್ಪಾ. ನಾಳೆ ಬೆಳಿಗ್ಗೆ ಕಡಲ ನೀರೇರಿದಾಗ ಹೊರಡೋಣ."

"ಈಗ್ಲೇ ಹಡಗು ಹತ್ತಿ ಕೂತುಬಿಡೋಣ," ಎಂದಳು ತಿಮಲೇತಿ. ಇಸಿಕೇಲಿ ರೇಗಿದ. ಹಲ್ಲು ಪಡೆದವನ ಹಿಂದೆ ಬೀಳುವುದು ಅವನ ಮುಖಕ್ಕೆ ಉಗಿದ ಹಾಗೆ.

ಬೆಳಿಗ್ಗೆ ಇಬ್ಬರೂ ಅಕ್ಕನಿಗೆಂದು ಹೆಣೆದ ಚಾಪೆ, ಸುಟ್ಟ ಕೆಸುವಿನ ಗೆಡ್ಡೆಯ ಬುಟ್ಟಿ ಇಟ್ಟುಕೊಂಡು ಮರಳಲ್ಲಿ ಕೂತರು. ನೀರೇರಿತು. ಹಾಯಿ ಬಿಚ್ಚಿಕೊಂಡಿತು. ಹಡಗು ದಡದ ಕಡೆ ಬಾರದೆ ಹವಳದ ದಂಡೆಯ ಕಂಡಿ ದಾಟಿತು.

"ಗಾಳಿ ನೋಡ್ತಿದಾನೆ, ತಿರುಗಿಸ್ಕೊಂಡು ಬರ್ತಾನೆ," ಎಂದ ಇಸಿಕೇಲಿ.

"ಏನಣ್ಣಾ, ನಿನ್ನ ಬಿಳೀ ಮಗ ಅಪ್ಪನ್ನ ಮರೆತು ಹೋದ್ನಾ?" ಎಂದು ನೆರೆಯವನು ನಕ್ಕ. ನೀರಿಳಿದು ಹವಳ ಬಯಲಾದರೂ ಇಸಿಕೇಲಿ ಏಳಲಿಲ್ಲ. ಹೆಂಡತಿಯ ಮುಖ ನೋಡಲು ನಾಚಿಕೆಯಾಗಿತ್ತು.

ಸರಕಿನ ಹಡಗು ರಿಪೇರಿಯಾಗಿ ಬಂದಾಗ ಅದರಿಂದ ವಸೆಮಾದಳ ಮಗ ಸಾಕಿಯೂಸ ಇಳಿದ. ಕೈ ಚಾಚಿದ ಮಾವನಿಗೆ ಕೈ ಕೊಡಲಿಲ್ಲ.

"ಅವ್ವ ಹೋದ್ಲು ಮಾವ. ನಿಮ್ಮ ಡಾರೆನ್ ನಮ್ಮೂರಿಗೂ ಬಂದಿದ್ದ. ತಾತನ ಹಲ್ಲು ತೋರಿಸ್ಕೊಂಡು ತಿರುಗ್ತಿದ್ದ. ಅವ್ವ ಅದನ್ನ ಸವರಿ, ನನ್ನ ತಮ್ಮ ಎಲ್ಲಿ ಅಂದ್ಲು. ಚೆನ್ನಾಗಿದಾರೆ, ಪ್ರೀತಿಯಿಂದ ಕೊಟ್ರು ಅಂದ."

"ಅಕ್ಕ ಏನಂದ್ಲೋ?"

"ಹಡಗಲ್ಲಿ ಜಾಗ ಇರ್ಲಿಲ್ವಾ ಅಂತ ಕೇಳಿದ್ಲು. ಬೇಕಾದಷ್ಟಿತ್ತು ಅಂದ. ಆಮೇಲೆ ಅವ್ವ ನಿಮ್ಮ ಹೆಸರೇ ಎತ್ತಲಿಲ್ಲ."

"ಬುಟ್ಟಿ ಕಟ್ಕೊಂಡು ಮರಳಲ್ಲಿ ಕೂತಿದ್ವಲ್ಲೋ!" ಎಂದು ತಿಮಲೇತಿ ಎದೆ ಬಡಿದುಕೊಂಡು ನಡೆದದ್ದನ್ನೆಲ್ಲ ಹೇಳಿದಳು. ಸಾಕಿಯೂಸ ಕೇಳಿ, ಮಾವನನ್ನು ತಬ್ಬಿಕೊಂಡು ಅತ್ತ. ಅವನು ನಂಬಿದ. ನಂಬಬೇಕಾಗಿದ್ದವಳು ಮಣ್ಣಲ್ಲಿದ್ದಳು.