ಪದವೀಧರರನ್ನು ಹಿಡಿದು ತರುವ ಅಡೆಲ್

ಅಡೆಲ್ ಮಂತ್ಲಾಳ ಮುತ್ತಜ್ಜ ನಾಯಿಬಂಡಿ ಕಟ್ಟಿ ಕ್ಯಾರಿಬೂ ಜಿಂಕೆಗಳ ಬೆನ್ನು ಹತ್ತಿದವನು. ಅಜ್ಜಿ ಹೆಪ್ಪುಗಟ್ಟಿದ ಸರೋವರ ಕೊರೆದು ಬಲೆಯಿಳಿಸಿ, ಉತ್ತರದ ಹಿಮನಾಡಿನ ಬೆಚೊಕೊ ಊರಿಗೆಲ್ಲ ಮೀನು ಹಂಚಿದವಳು. ಅಡೆಲ್ ಬೇಟೆಯಾಡುವುದು ಪದವೀಧರರನ್ನು. ದಕ್ಷಿಣದ ಕಾಲೇಜುಗಳಿಗೆ ಹೋಗಿ ಊರಿನ ಸರ್ಕಾರಿ ಕೆಲಸಗಳಿಗೆ ಜನ ಹಿಡಿದು ತರುತ್ತಾಳೆ. ಬಂದವರು ಚಳಿ ಬಿದ್ದೊಡನೆ ಕಾಲ್ತೆಗೆಯುತ್ತಾರೆ.

ಈ ಸಲದ ನರ್ಸ್ ಟೆಸ್ಸಾಳೂ ಗಂಟುಮೂಟೆ ಕಟ್ಟಿದಾಗ ಅಡೆಲ್ ಅವಳ ಮನೆಗೆ ಓಡಿದಳು. ಅವಳು ಹೋದರೆ ಊರಿನ ದವಾಖಾನೆ ಮುಚ್ಚಿದಂತೆಯೇ.

"ಇಲ್ಲಿ ಯಾರೂ ನನ್ನ ಮಾತಾಡಿಸಲ್ಲ ಅಕ್ಕಾ."

"ಹಗಲೊತ್ತೇ ಚಿಲಕ ಹಾಕ್ಕೊಂಡು ಕೂತಿದ್ದೀಯಲ್ಲ ನನ್ನ ತಾಯಿ! ನಮ್ಮೋರು ಬಾಗಿಲು ತಟ್ಟಲ್ಲ, ನೂಕ್ಕೊಂಡು ಬರ್ತಾರೆ. ಚಿಲಕ ಇದ್ರೆ, ಇವಳಿಗೆ ನಾವು ಬೇಡ ಅಂದ್ಕೊಂಡು ವಾಪಸ್ ಹೋಗ್ತಾರೆ."

ಟೆಸ್ಸಾ ಚಿಲಕ ತೆಗೆದಳು. ಸಂಜೆಯೊಳಗೆ ಮುದುಕಿಯರು ಒಣಮೀನು ಹಿಡಿದು ಒಳನುಗ್ಗಿ, ಅವಳದೇ ಚಹಾ ಕುಡಿದು, ಅವಳ ಮದುವೆಯ ಮಾತನ್ನೂ ಎತ್ತಿದರು. ನಾಚುತ್ತಲೇ ಟೆಸ್ಸಾ ಗಂಟು ಬಿಚ್ಚಿದಳು.

ಮರುದಿನ ಮುಖ್ಯ ಕಚೇರಿಯ ಸಾಹೇಬರು ಫೋನ್ ಮಾಡಿ, ನೌಕರರನ್ನು ಉಳಿಸಿಕೊಳ್ಳುವ ವಿದ್ಯೆ ಬಲ್ಲ ಪರಿಣತನೊಬ್ಬನನ್ನು ಸಹಾಯಕ್ಕೆ ಕಳಿಸುತ್ತೇವೆ ಎಂದರು.

"ಬೇಡ ಸಾರ್," ಎಂದಳು ಅಡೆಲ್. "ಇವಳೊಬ್ಬಳನ್ನ ಉಳಿಸ್ಕೊಳ್ಳೋಕೇ ಊರೆಲ್ಲ ಸೇರಿದ್ದೀವಿ. ಆಮೇಲೆ ಆ ಪರಿಣತರನ್ನ ಉಳಿಸ್ಕೊಳ್ಳೋರು ಯಾರು?"