ಎರಡು ಸಾಲಿನ ಚೀಟಿ ಹಿಡಿದು ಮೇಕೆಗಳ ಊರಿಗೆ

ಸುಮನಾಳನ್ನು ನಾನು ನಂಬುತ್ತೇನೆ. ಅವಳ ಸ್ವೆಟರಿನ ಚೀಟಿಯನ್ನು ಮಾತ್ರ ನಂಬಲಿಲ್ಲ. ಜೂನ್ ಕೊನೆಯಲ್ಲಿ ಬನಶಂಕರಿಯಲ್ಲಿ ಏರ್‌ಪೋರ್ಟ್ ಬಸ್ಸು ಹತ್ತಿ ಲಡಾಖಿಗೆ ಹೊರಟಿದ್ದಕ್ಕೆ ಬೇರೆ ಕಾರಣ ಇಲ್ಲ.

ಸುಮನಾ ನನ್ನ ಕಾಲೇಜು ಗೆಳತಿ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬ್ಲೌಸ್ ಪೀಸು, ಸೀರೆ ಫಾಲು ಮಾರುತ್ತಿದ್ದ ಅಂಗಡಿಯನ್ನು ಪೂರ್ತಿ ಖಾಲಿ ಮಾಡಿ ಕ್ಯಾಶ್ಮೀರ್ ಸ್ವೆಟರಿಗೆ ಇಳಿದಿದ್ದಾಳೆ. ಹಿಮದ ನಾಡಿನ ಮೇಕೆಗಳಿಗೆ ಒರಟು ಕೂದಲಿನ ಅಡಿಯಲ್ಲಿ ಚಳಿಗಾಲಕ್ಕೆಂದು ಒಂದು ಮೆತ್ತನೆಯ ತುಪ್ಪಳ ಬೆಳೆಯುತ್ತದೆ. ಅದರ ನೂಲೇ ಕ್ಯಾಶ್ಮೀರ್. ಅವಳ ಪ್ರತಿ ಸ್ವೆಟರಿಗೂ ಕುತ್ತಿಗೆಯ ಹತ್ತಿರ ಒಂದು ಬಟ್ಟೆ ಚೀಟಿ. ಅದರಲ್ಲಿ ಎರಡು ಸಾಲು: ‘ಮೇಕೆಯನ್ನು ಕೊಲ್ಲುವುದಿಲ್ಲ. ಹುಲ್ಲುಗಾವಲನ್ನು ಬರಿದು ಮಾಡುವುದಿಲ್ಲ.’ ಜಯನಗರ, ಬಸವನಗುಡಿಯ ಹೆಂಗಸರು ಇದನ್ನು ಓದಿಯೇ ಮುಂಗಡ ಆರ್ಡರ್ ಕೊಟ್ಟಿದ್ದರು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನೆಗಳು ಅವು. ಅವರ ಮನೆಗಳಲ್ಲಿ ಉಣ್ಣೆ ಮಡಿಗೂ ಆಗುತ್ತದೆ. ಆದರೆ ಅದಕ್ಕಾಗಿ ಪ್ರಾಣಿ ಸತ್ತಿರಬಾರದು.

ನನ್ನ ಪೇಜಿನಲ್ಲಿ ತುಪ್ಪ, ಜೇನು, ರೇಷ್ಮೆಯ ಮೋಸಗಳನ್ನು ಬಯಲು ಮಾಡಿ ಒಂದಿಷ್ಟು ಜನ ಸೇರಿದ್ದಾರೆ. ‘ನೀನು ಒಂದು ವಿಡಿಯೊದಲ್ಲಿ ಹೌದು ಅಂದ್ಬಿಡು, ನನ್ನ ಅಂಗಡಿ ನಿಲ್ಲುತ್ತೆ’ ಎಂದಳು ಸುಮನಾ. ನೋಡದೆ ಹೌದು ಅನ್ನುವುದಿಲ್ಲ ಎಂದೆ. ಟಿಕೆಟ್ಟಿಗೆ ಅವಳು ದುಡ್ಡು ಕೊಡಲು ಬಂದಾಗ ಬೇಡವೆಂದೆ. ಅವಳ ಖರ್ಚಿನಲ್ಲಿ ಹೋದರೆ ಅನುಮಾನ ಪಡಲು ಮುಜುಗರವಾಗುತ್ತದೆ.

ದೆಹಲಿಯಲ್ಲಿ ವಿಮಾನ ಬದಲಿಸಿ ಬೆಳಗ್ಗೆ ಲೇಹ್‌ನಲ್ಲಿ ಇಳಿದೆ. ಕಣ್ಣು ಕುಕ್ಕುವ ಬಿಸಿಲು, ನೆರಳಿಗೆ ಹೋದರೆ ನಡುಕ. ಮೆಟ್ಟಿಲು ಹತ್ತುವಷ್ಟರಲ್ಲಿ ತಲೆ ಸಿಡಿಯತೊಡಗಿತು. ನನ್ನನ್ನು ಕರೆದೊಯ್ಯಲು ಬಂದ ಡ್ರೈವರ್ ಸ್ಟಾಂಜಿನ್‌ಗೆ ಮೂವತ್ತೈದರ ಆಸುಪಾಸು. ಬಿಟಿಎಂ ಲೇಔಟಿನಲ್ಲಿ ಪೀಜಿಯಲ್ಲಿದ್ದುಕೊಂಡು ಡಿಗ್ರಿ ಮುಗಿಸಿದವನು. ಅವನ ಕನ್ನಡ ಕೇಳಿ ನನ್ನ ಅರ್ಧ ತಲೆನೋವು ಇಳಿಯಿತು.

“ನಿಧಾನ ಆಂಟಿ. ಆಕ್ಸಿಜನ್ ಕಮ್ಮಿ ಇಲ್ಲಿ. ಸಿಲ್ಕ್ ಬೋರ್ಡಲ್ಲಿ ನುಗ್ಗಿದಂಗೆ ನುಗ್ಗಬೇಡಿ.”

ಎರಡು ದಿನ ಬೆಳ್ಳುಳ್ಳಿ ಸೂಪು ಕುಡಿದು ಮಲಗಿದೆ. ಮೂರನೆಯ ದಿನ ಊರಾಚೆಯ ಒಂದು ಷೆಡ್ಡಿಗೆ ಹೋದೆವು. ಮೇಕೆಯ ಮೈಯಿಂದ ತೆಗೆದ ತುಪ್ಪಳ ಮೂಟೆಗಳಲ್ಲಿ ಅಲ್ಲಿಗೆ ಬರುತ್ತದೆ. ಅದರಲ್ಲಿ ಮಣ್ಣು, ಹಿಕ್ಕೆ, ಒರಟು ಕೂದಲು, ಎಲ್ಲ ಇರುತ್ತದೆ. ತೊಳೆದು ಯಂತ್ರಕ್ಕೆ ಕೊಟ್ಟರೆ ಒರಟು ಕೂದಲು ಒಂದು ಕಡೆ ಉದುರುತ್ತದೆ, ಮಂಜಿನಂಥದ್ದು ಇನ್ನೊಂದು ಕಡೆ ಬರುತ್ತದೆ. ಮೂಟೆಯ ಅರ್ಧಕ್ಕಿಂತ ಹೆಚ್ಚು ಹೀಗೇ ಹೋಗುತ್ತದೆ ಎಂದರು. ನಾನು ಒಂದು ಎಳೆ ಕಿತ್ತು, ರೇಷ್ಮೆ ಸೀರೆಗೆ ಮಾಡುವಂತೆ ಬೆಂಕಿ ಕಡ್ಡಿ ಗೀರಿ ಸುಟ್ಟು ಮೂಸಿದೆ. ಸುಟ್ಟ ಕೂದಲಿನ ವಾಸನೆ. ಅಸಲಿ ಎಂದು ತಲೆಯಾಡಿಸಿದೆ.

“ನನ್ನ ತಲೆಕೂದ್ಲು ಸುಟ್ರೂ ಇದೇ ವಾಸನೆ ಆಂಟಿ,” ಎಂದ ಸ್ಟಾಂಜಿನ್. “ಕುರಿದು ಸುಟ್ರೂ ಇದೇ.”

ಪರ್ಮಿಟ್ ಪಡೆದು ಮರುದಿನ ನಸುಕಿನಲ್ಲಿ ಈ ಮೇಕೆಗಳು ಮೇಯುವ ಎತ್ತರದ ಬಯಲು ಚಾಂಗ್‌ಥಾಂಗ್ ಕಡೆ ಹೊರಟೆವು. ಸುಮಾರು ಇನ್ನೂರು ಕಿಲೋಮೀಟರ್, ಇಡೀ ದಿನದ ದಾರಿ. ಮೊದಲು ಸಿಂಧೂ ನದಿಯ ಪಕ್ಕದಲ್ಲೇ ರಸ್ತೆ, ಆಮೇಲೆ ರಸ್ತೆ ಎನ್ನುವುದು ಅವನ ಊಹೆ. ದಾರಿಯಲ್ಲಿ ಮ್ಯಾಗಿ ಬಿಟ್ಟರೆ ನನಗೆ ಬೇರೆ ಊಟ ಸಿಗಲಿಲ್ಲ. ಎಲ್ಲಿ ನೋಡಿದರೂ ಬೋಳು ಬೆಟ್ಟ. ಇಲ್ಲಿ ಮೇಕೆ ತಿನ್ನುವುದಾದರೂ ಏನು ಎಂದು ಕೇಳಿದೆ. ಅವನು ಗಾಡಿ ನಿಲ್ಲಿಸಿ ಕೆಳಗೆ ಕೂತು ನೋಡಲು ಹೇಳಿದ. ಕೂತರೆ ಕಾಣುತ್ತದೆ, ಬೆರಳುದ್ದದ ಹುಲ್ಲು, ಅಲ್ಲೊಂದು ಇಲ್ಲೊಂದು ಗುಪ್ಪೆ.

ಸಂಜೆಗೆ ಕುರಿಗಾಹಿಗಳ ಬೀಡು ತಲುಪಿದೆವು. ಐದಾರು ಗುಡಾರಗಳು, ಕಲ್ಲು ಪೇರಿಸಿದ ದೊಡ್ಡಿ. ಹುಲ್ಲು ತೆಳುವಾಗುತ್ತಿದ್ದಂತೆ ಇವರು ಗುಡಾರ ಕಿತ್ತು ಮುಂದಕ್ಕೆ ಹೋಗುತ್ತಾರೆ. ಮಾರನೆಯ ಬೆಳಗ್ಗೆ ತುಪ್ಪಳ ಬಾಚುವುದನ್ನು ನೋಡಿದೆ. ಕಂಪನಿ ವಿಡಿಯೊಗಳಲ್ಲಿ ಇರುವಷ್ಟು ಮುದ್ದಾಗಿ ನಡೆಯುವುದಿಲ್ಲ ಅದು. ಮೇಕೆಯನ್ನು ಮಲಗಿಸಿ ಕಾಲು ಕಟ್ಟುತ್ತಾರೆ, ಅದು ಊರೆಲ್ಲ ಕೇಳುವಂತೆ ಅರಚುತ್ತದೆ. ಬೇಸಿಗೆ ಬಂದು ತುಪ್ಪಳ ತಾನಾಗಿ ಸಡಿಲವಾಗುವ ಹೊತ್ತಿಗೆ ಕಬ್ಬಿಣದ ಬಾಚಣಿಗೆಯಲ್ಲಿ ಕುತ್ತಿಗೆಯಿಂದ ಕೆಳಕ್ಕೆ ಎಳೆಯುತ್ತಾರೆ. ಚರ್ಮ ಗೀರುತ್ತದೇನೋ ಎಂದು ನಾನು ಬಗ್ಗಿ ಬಗ್ಗಿ ನೋಡಿದೆ, ಗೀರಿರಲಿಲ್ಲ. ಕಟ್ಟು ಬಿಚ್ಚಿದ ತಕ್ಷಣ ಮೇಕೆ ಎದ್ದು ಮೈ ಕೊಡವಿ ಮೇಯಲು ಹೋಯಿತು. ಒಂದರಿಂದ ಸಿಕ್ಕಿದ್ದು ಒಂದೆರಡು ಹಿಡಿ. ಒಂದು ಸ್ವೆಟರಿಗೆ ಮೂರು ನಾಲ್ಕು ಮೇಕೆಗಳಾದರೂ ಬೇಕು.

ಮೇಕೆಗಳನ್ನು ಕೊಲ್ಲುತ್ತೀರಾ ಎಂದು, ನಾನು ಹೊತ್ತು ಬಂದ ಪ್ರಶ್ನೆಯನ್ನು ಮೊದಲ ಗುಡಾರದಲ್ಲಿ ಕೇಳಿದೆ. ಮೇಕೆಗಳು ನಮ್ಮ ಮಕ್ಕಳಿದ್ದ ಹಾಗೆ, ಕೊಲ್ಲುವುದಿಲ್ಲ ಎಂದರು. ಎರಡನೆಯದರಲ್ಲಿ ಕೇಳಿದೆ. ಮಕ್ಕಳಿದ್ದ ಹಾಗೆ, ಕೊಲ್ಲುವುದಿಲ್ಲ. ಮೂರನೆಯದರಲ್ಲೂ ಅದೇ, ಅದೇ ಕ್ರಮದಲ್ಲಿ. ಸ್ಟಾಂಜಿನ್ ಮೂರನೆಯ ಸಲ ಅನುವಾದ ಮಾಡುವಾಗ ನನ್ನ ಮುಖ ನೋಡಲಿಲ್ಲ. ನನ್ನ ಅನುಮಾನಕ್ಕೆ ಅಷ್ಟೇ ಸಾಕಾಗಿತ್ತು.

ನಾಲ್ಕನೆಯ ಗುಡಾರ ಡೋಲ್ಮಾ ಎಂಬಾಕೆಯದು. ವಯಸ್ಸು ನನ್ನಷ್ಟೇ ಇರಬೇಕು. ಬೆಣ್ಣೆ ಹಾಕಿದ ಉಪ್ಪು ಚಹಾ ಕೊಟ್ಟರು. ಒಲೆಯ ಮೇಲಿನ ಹಗ್ಗದಲ್ಲಿ ಏನೋ ಕಪ್ಪಗೆ ಉದ್ದುದ್ದಕ್ಕೆ ಒಣಗಿ ತೂಗಾಡುತ್ತಿತ್ತು. ಬಾಳಕದ ಮೆಣಸಿನಕಾಯಿ ಎಂದುಕೊಂಡು, ಇಲ್ಲೂ ಇದನ್ನು ಮಾಡ್ತೀರಾ ಎಂದು ಕೇಳಿದೆ. ಸ್ಟಾಂಜಿನ್ ಅದನ್ನು ಅನುವಾದ ಮಾಡುವ ಮೊದಲೇ ನಗತೊಡಗಿದ. ಮಾಂಸ ಅದು, ಹೋದ ಚಳಿಗಾಲದ ಉಳಿಕೆ. ಯಾವ ಮಾಂಸ ಎಂದು ಕೇಳಿದೆ. ಡೋಲ್ಮಾ ದೊಡ್ಡಿಯ ಕಡೆ ಗಲ್ಲ ಎತ್ತಿ ತೋರಿಸಿದರು.

ಹಾಗಾದರೆ ಎಲ್ಲರೂ ಕೊಲ್ಲುವುದಿಲ್ಲ ಅಂದಿದ್ದು ಯಾಕೆ? ತುಪ್ಪಳ ಕೊಳ್ಳುವ ಏಜೆಂಟ್ ಕ್ಯಾಮೆರಾ ತಂದಿದ್ದನಂತೆ. ದಕ್ಷಿಣದ ಗಿರಾಕಿಗಳು ಇದೊಂದನ್ನೇ ಕೇಳುತ್ತಾರೆ, ಯಾರು ಬಂದರೂ ಹೀಗೇ ಹೇಳಿ ಎಂದು ಬಾಯಿಪಾಠ ಮಾಡಿಸಿ ಹೋದನಂತೆ. ಮುಂದಿನದನ್ನು ಸ್ಟಾಂಜಿನ್ ನಿಲ್ಲಿಸದೆ ಹೇಳಿದ.

“‘ಚಳಿಗಾಲದಲ್ಲಿ ಏನು ತಿನ್ನೋದು, ಕಲ್ಲಾ?’ ಅಂತವ್ರೆ. ಎಲ್ಲಾನೂ ಉಳಿಸ್ಕೊಂಡ್ರೆ ಹುಲ್ಲು ಸಾಕಾಗಲ್ವಂತೆ. ಹಿಮ ಬೀಳೋ ಮುಂಚೆ ಮುದಿಯವು, ಬಡಕಲು ಆಗಿರೋವು ಕಮ್ಮಿ ಮಾಡ್ತಾರಂತೆ. ಆಗ್ಲೇ ಮಿಕ್ಕಿದ್ದು ಬದುಕೋದಂತೆ.”

ನಾನು ಚೀಲದಿಂದ ಸುಮನಾಳ ಚೀಟಿ ತೆಗೆದೆ. ಎರಡನೆಯ ಸಾಲು ನಿಜ, ನಾನೇ ಕಣ್ಣಾರೆ ಕಂಡಿದ್ದೆ. ಆದರೆ ಅದು ನಿಜವಾಗಿ ಉಳಿದಿರುವುದೇ ಮೊದಲನೆಯ ಸಾಲು ಸುಳ್ಳಾಗಿರುವುದರಿಂದ. ಕೊಲ್ಲದಿದ್ದರೆ ಹುಲ್ಲುಗಾವಲು ಉಳಿಯುವುದಿಲ್ಲ. ಹುಲ್ಲುಗಾವಲು ಬೇಕಿದ್ದರೆ ಕೊಲ್ಲದೆ ಆಗುವುದಿಲ್ಲ. ಒಂದೇ ಚೀಟಿಯಲ್ಲಿ ಎರಡನ್ನೂ ಹೊಲಿಯುವ ಯೋಚನೆ ಮೇಕೆಯನ್ನು ಬರೀ ಫೋನಿನಲ್ಲಿ ನೋಡಿದವರಿಗೇ ಬರುವಂಥದ್ದು.

ಚೀಟಿಯಲ್ಲಿ ಏನು ಬರೆದಿದೆ ಎಂದು ಡೋಲ್ಮಾ ಕೇಳಿದರು. ಸ್ಟಾಂಜಿನ್ ಓದಿ ಹೇಳಿದ. ನೀವು ಇದನ್ನು ಊರಲ್ಲಿ ಹೇಳಿದರೆ ಏಜೆಂಟ್ ನಮ್ಮ ಹತ್ತಿರ ಕೊಳ್ಳುವುದನ್ನು ನಿಲ್ಲಿಸುತ್ತಾನಾ ಎಂದು ಅವರು ಕೇಳಿದರು. ಗೊತ್ತಿಲ್ಲ ಎಂದೆ. ಅವರು ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದರು.

ಈ ತುಪ್ಪಳವನ್ನು ನೂಲು ಮಾಡುವ ಗಿರಣಿ ಪಂಜಾಬಿನಲ್ಲಿದೆ. ಫೋನ್ ಮಾಡಿದರೆ ಹೊರಗಿನವರನ್ನು ಒಳಗೆ ಬಿಡುವುದಿಲ್ಲ ಎಂದರು. ಆದ್ದರಿಂದ ಅಲ್ಲಿ ಏನೇನು ಬೆರೆಯುತ್ತದೆ, ಬೆರೆಯುವುದಿಲ್ಲ ಎಂಬುದಕ್ಕೆ ನಾನು ಸಾಕ್ಷಿ ಅಲ್ಲ. ನಾನು ಊರಿಗೆ ವಾಪಸ್ ಬಂದು ಮಾರನೆಯ ದಿನ ಸ್ವೆಟರಿನ ಕೊನೆಯ ನಿಲ್ದಾಣಕ್ಕೆ ಹೋದೆ. ಅದು ಬೊಮ್ಮನಹಳ್ಳಿಯ ಒಂದು ಚಿಕ್ಕ ಫ್ಯಾಕ್ಟರಿಯ ಎರಡನೇ ಮಹಡಿ. ಕೋನ್ ಆಕಾರದ ಸುರುಳಿಯಿಂದ ನೂಲು ಹೆಣಿಗೆ ಯಂತ್ರಕ್ಕೆ ಹೋಗಿ ಬೆನ್ನು, ಎದೆ, ತೋಳು ಬೇರೆ ಬೇರೆಯಾಗಿ ಬರುತ್ತದೆ. ಹೆಂಗಸರು ಅಂಚಿನ ಕುಣಿಕೆ ಒಂದೊಂದನ್ನೇ ಹಿಡಿದು ಜೋಡಿಸುತ್ತಾರೆ. ಆಮೇಲೆ ಮೃದುವಾದ ಸೋಪಿನಲ್ಲಿ ಒಗೆತ. ಅಲ್ಲಿಯವರೆಗೆ ಹಗ್ಗದಂತಿದ್ದ ಬಟ್ಟೆ ಒಗೆದ ಮೇಲೆ ಅರಳುತ್ತದೆ. ಕೊನೆಗೆ ಉಗಿ ಇಸ್ತ್ರಿ, ಅದಾದ ಮೇಲೆ ಚೀಟಿ. ಸುಮನಾ ಅಲ್ಲೇ ನಿಂತು ಚೀಟಿ ಹೊಲಿಸುತ್ತಿದ್ದಳು.

ನಾನು ಎಲ್ಲ ಹೇಳಿದೆ. ಅವಳು ಮೊದಲು ಏಜೆಂಟನಿಗೆ ಬೈದಳು, ಆಮೇಲೆ ನನಗೆ.

“ಸುಳ್ಳು ಹೇಳಿಸು ಅಂತ ನಾನು ಹೇಳಿಲ್ಲ ಕಣೇ. ಕೊಲ್ಲಲ್ಲ ತಾನೇ ಅಂತ ಕೇಳಿದ್ದೆ ಅಷ್ಟೆ.”

“ಆರ್ಡರ್ ಕೈಯಲ್ಲಿ ಹಿಡ್ಕೊಂಡು ಅವ್ನನ್ನ ಕೇಳಿದೀಯ. ಇನ್ನೇನು ಹೇಳ್ತಾನೆ?”

“ಒಂದು ಸಾಲು ಕಿತ್ರೆ ನನ್ನ ಅಂಗಡಿ ಹೋಗುತ್ತೆ. ಗೊತ್ತಾ ನಿಂಗೆ?”

ಗೊತ್ತಿತ್ತು. ಅವಳು ಕೇಳಿದ ವಿಡಿಯೊ ಮಾಡುವುದಿಲ್ಲ ಎಂದೆ. ಆರ್ಡರ್ ಕೊಟ್ಟವರಿಗೆ ಅವಳೇ ಹೇಳದಿದ್ದರೆ ಬೇರೆ ವಿಡಿಯೊ ಮಾಡುತ್ತೇನೆ ಎಂದೂ ಹೇಳಿದೆ. ಅವಳು ಒಂದು ಚೀಟಿ ಎತ್ತಿ ಎರಡೂ ಸಾಲು ಓದಿಕೊಂಡಳು. ಆಮೇಲೆ ಅವಳು ಚೀಟಿ ಹೊಲಿಯುವಾಕೆಗೆ ನಿಲ್ಲಿಸಲು ಸನ್ನೆ ಮಾಡಿ ಫೋನ್ ತೆಗೆದಳು.

ಮೊದಲ ಫೋನು ಬಸವನಗುಡಿಯ ನಿವೃತ್ತ ಮೇಡಂ ಒಬ್ಬರಿಗೆ. ಪೂಜೆಗೆ ಕೂರುವಾಗ ಹಾಕಿಕೊಳ್ಳಲೆಂದೇ ಹೇಳಿಟ್ಟಿದ್ದರಂತೆ, ಬೇಡ ಬಿಡಮ್ಮ ಎಂದರು. ಎರಡನೆಯವರು ಪದ್ಮನಾಭನಗರದವರು. ಎಲ್ಲ ಕೇಳಿಸಿಕೊಂಡು, ಒಗೆದರೆ ಕುಗ್ಗುತ್ತದಾ ಎಂದು ವಿಚಾರಿಸಿದರು. ಸುಮನಾಳ ಮುಖದಲ್ಲಿ ಜೀವ ಬಂತು. ಹೊಸೂರು ರಸ್ತೆಯಲ್ಲಿ ಜಾಮ್ ಆಗುವ ಮೊದಲು ನೀನು ಹೊರಡು, ಮಿಕ್ಕವರಿಗೆ ನಾನೇ ಹೇಳುತ್ತೇನೆ ಎಂದಳು.

ನಾನು ಏಳಲಿಲ್ಲ. ಕುಗ್ಗುತ್ತದಾ ಎಂದು ಕೇಳುವ ಗಿರಾಕಿ ಒಬ್ಬರು ಸಿಕ್ಕರೆ ಸತ್ಯ ಹೇಳುವುದು ಸುಲಭ. ಮುಂದಿನ ಇಬ್ಬರು ಬೇಡವೆಂದರೆ ಏನಾಗುತ್ತದೆಂದು ನನಗೆ ಅನುಮಾನವಿತ್ತು. ಸ್ಟೂಲು ಎಳೆದುಕೊಂಡು ಅವಳ ಎದುರಿಗೇ ಕೂತೆ. ಅವಳು ನನ್ನನ್ನು ದುರುಗುಟ್ಟಿ ನೋಡಿ ಇನ್ನೊಂದು ನಂಬರ್ ಒತ್ತಿದಳು.

“ಮೇಡಂ, ನಿಮ್ಮ ಸ್ವೆಟರ್ ರೆಡಿ ಇದೆ. ಕಳ್ಸೋಕೆ ಮುಂಚೆ ಒಂದು ಮಾತು ಹೇಳ್ಬೇಕಿತ್ತು...”